ಹೆಣ್ಣುಮಕ್ಕಳ ಜನನಾಂಗ ಛೇದನ: ಜಗತ್ತಿನಲ್ಲಿ ಎಲ್ಲೆಲ್ಲಿ, ಎಷ್ಟು, ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಫೆಬ್ರವರಿ 6 ಹೆಣ್ಣುಮಕ್ಕಳ ಜನನಾಂಗ ಛೇದನದ ವಿರುದ್ಧದ ಅಂತರರಾಷ್ಟ್ರೀಯ ದಿನ. ಅದು ಬಂತೆಂದರೆ ಪೇಪರಿನಲ್ಲಿ ಒಂದು ಸಣ್ಣ ಸುದ್ದಿ ಬರುತ್ತದೆ. ಅದನ್ನು ಓದಿದವರು ಮೊಬೈಲಿನಲ್ಲಿ ಹುಡುಕುತ್ತಾರೆ, ಅರ್ಧಂಬರ್ಧ ತಿಳಿದುಕೊಂಡು ಗಾಬರಿಯಾಗುತ್ತಾರೆ. ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಆಶಾ ಕಾರ್ಯಕರ್ತೆಯರ ಜೊತೆ, ನರ್ಸಿಂಗ್ ಓದುವ ಹುಡುಗಿಯರ ಜೊತೆ ಕೂತು ಮಾತಾಡುವಾಗ ನನಗೆ ಬಂದ ಪ್ರಶ್ನೆಗಳು ಇವು. ಎದ್ದು ನಿಂತು ಕೇಳೋಕೆ ನಾಚಿಕೆ, ಅದಕ್ಕೇ ಹೆಚ್ಚಿನವು ಹೆಸರಿಲ್ಲದ ಚೀಟಿಯಲ್ಲಿ ಬಂದವು. ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ.

ಏನಿದು ಎಫ್‌ಜಿಎಂ? ಒಂದೇ ತರಹ ಮಾಡ್ತಾರಾ?

ಎಫ್‌ಜಿಎಂ ಅಂದರೆ ಫೀಮೇಲ್ ಜೆನಿಟಲ್ ಮ್ಯುಟಿಲೇಷನ್. ವೈದ್ಯಕೀಯ ಕಾರಣ ಏನೂ ಇಲ್ಲದೆ ಹೆಣ್ಣಿನ ಹೊರ ಜನನಾಂಗದ ಭಾಗವನ್ನು ಕತ್ತರಿಸುವುದು, ಇಲ್ಲವೇ ಅಲ್ಲಿ ಗಾಯ ಮಾಡುವುದು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ನಾಲ್ಕು ಬಗೆ ಮಾಡಿದೆ. ಮೊದಲನೆಯದರಲ್ಲಿ ಚಂದ್ರನಾಡಿ ಅಥವಾ ಅದರ ಮೇಲಿನ ಚರ್ಮವನ್ನು ತೆಗೆಯುತ್ತಾರೆ. ಎರಡನೆಯದರಲ್ಲಿ ಅದರ ಜೊತೆಗೆ ಒಳ ತುಟಿಗಳನ್ನೂ ತೆಗೆಯುತ್ತಾರೆ. ಮೂರನೆಯದು ತೀರಾ ಕಠಿಣ. ಅಂಚುಗಳನ್ನು ಕೂಡಿಸಿ ಸಣ್ಣ ರಂಧ್ರ ಮಾತ್ರ ಬಿಟ್ಟು ಮುಚ್ಚುತ್ತಾರೆ. ಸೂಜಿಯಲ್ಲಿ ಚುಚ್ಚುವುದು, ಕೆರೆಯುವುದು, ಸುಡುವುದು ಎಲ್ಲ ನಾಲ್ಕನೆಯ ಬಗೆಗೆ ಸೇರುತ್ತವೆ. ಹೆಚ್ಚಿನ ಕಡೆ ಮಗು ಹುಟ್ಟಿದಾಗಿನಿಂದ 15 ವರ್ಷದೊಳಗೆ ಇದು ಮುಗಿದುಹೋಗಿರುತ್ತದೆ. ಯೆಮನ್‌ನಲ್ಲಿ ಹುಟ್ಟಿದ ಕೆಲವೇ ದಿನಕ್ಕೆ ಮಾಡುವುದು ಜಾಸ್ತಿ, ಈಜಿಪ್ಟ್‌ನಲ್ಲಿ ಹುಡುಗಿ ಒಂಬತ್ತು ಹತ್ತು ವರ್ಷದವಳಾದ ಮೇಲೆ. ಅಂದರೆ ಎಲ್ಲ ಕಡೆಯೂ ‘ಬೇಡ’ ಅನ್ನೋ ಶಕ್ತಿ ಬರುವ ಮೊದಲೇ.

ಜಗತ್ತಿನಲ್ಲಿ ಎಷ್ಟು ಹೆಂಗಸರಿಗೆ ಇದಾಗಿದೆ?

ವಿಶ್ವಸಂಸ್ಥೆಯ ಮಕ್ಕಳ ನಿಧಿ ಯುನಿಸೆಫ್ 2024ರಲ್ಲಿ ಕೊಟ್ಟ ಲೆಕ್ಕ: ಈಗ ಬದುಕಿರುವವರಲ್ಲೇ 23 ಕೋಟಿಗೂ ಹೆಚ್ಚು. ಇದರಲ್ಲಿ ಆಫ್ರಿಕಾದ್ದು 14.4 ಕೋಟಿಗೂ ಜಾಸ್ತಿ, ಏಷ್ಯಾದ್ದು 8 ಕೋಟಿಗೂ ಜಾಸ್ತಿ, ಮಧ್ಯಪ್ರಾಚ್ಯದ್ದು ಸುಮಾರು 60 ಲಕ್ಷ. ಉಳಿದವರು ಸಣ್ಣ ಸಣ್ಣ ಸಮುದಾಯಗಳಲ್ಲಿ, ವಲಸೆ ಹೋದ ದೇಶಗಳಲ್ಲಿ ಇದ್ದಾರೆ. 2011ರ ಗಣತಿಯಲ್ಲಿ ನಮ್ಮ ಇಡೀ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ಗಂಡಸರು, ಹೆಂಗಸರು, ಮಕ್ಕಳು ಎಲ್ಲ ಸೇರಿ ಅಷ್ಟು. ಆ 23 ಕೋಟಿ ಅದರ ಮೂರೂವರೆ ಪಟ್ಟಿಗಿಂತ ಹೆಚ್ಚಾಯಿತು.

ಏಷ್ಯಾ ಅಂದ ತಕ್ಷಣ ಕೆಲವರಿಗೆ ಆಶ್ಚರ್ಯ. ಇದು ಬರೀ ಆಫ್ರಿಕಾದ ವಿಷಯ ಅಂದುಕೊಂಡಿರುತ್ತಾರೆ. ಏಷ್ಯಾದ ಲೆಕ್ಕದಲ್ಲಿ ದೊಡ್ಡ ಪಾಲು ಇಂಡೋನೇಷ್ಯಾದ್ದು. 2013ರಲ್ಲಿ ಅಲ್ಲಿನ ಸರ್ಕಾರವೇ ಮಾಡಿದ ಆರೋಗ್ಯ ಸಮೀಕ್ಷೆಯಲ್ಲಿ 11 ವರ್ಷದೊಳಗಿನ ಹುಡುಗಿಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಇದಾಗಿತ್ತು ಎಂದು ಗೊತ್ತಾಯಿತು. ಆ ಲೆಕ್ಕ ಕೈಗೆ ಸಿಗುವವರೆಗೆ ಜಾಗತಿಕ ಪಟ್ಟಿಯಲ್ಲಿ ಇಂಡೋನೇಷ್ಯಾ ಇರಲೇ ಇಲ್ಲ. 2013ರಲ್ಲಿ ಯುನಿಸೆಫ್ ಹೇಳುತ್ತಿದ್ದದ್ದು ಹನ್ನೆರಡೂವರೆ ಕೋಟಿ. 2016ಕ್ಕೆ ಅದು 20 ಕೋಟಿ ಆಯಿತು. ಮೂರು ವರ್ಷದಲ್ಲಿ ಅಷ್ಟೊಂದು ಹೆಂಗಸರಿಗೆ ಹೊಸದಾಗಿ ಛೇದನವಾಗಿರಲಿಲ್ಲ. ಅವರು ಮೊದಲೂ ಇದ್ದರು, ಯಾರೂ ಎಣಿಸಿರಲಿಲ್ಲ ಅಷ್ಟೇ.

ಯಾವ ದೇಶದಲ್ಲಿ ಅತಿ ಹೆಚ್ಚು?

ಇದಕ್ಕೆ ಎರಡು ಉತ್ತರ ಇದೆ. ಶೇಕಡಾವಾರು ನೋಡಿದರೆ ಸೊಮಾಲಿಯಾ. 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 99 ಮಂದಿ. ಗಿನಿ ದೇಶದಲ್ಲಿ ಸುಮಾರು 95, ಜಿಬೂಟಿಯಲ್ಲಿ 90, ಮಾಲಿಯಲ್ಲಿ 89, ಈಜಿಪ್ಟ್ ಮತ್ತು ಸುಡಾನ್‌ನಲ್ಲಿ 87ರ ಆಸುಪಾಸು. ತಲೆ ಎಣಿಸಿದರೆ ಚಿತ್ರ ಬದಲಾಗುತ್ತದೆ, ಇಂಡೋನೇಷ್ಯಾದಂಥ ದೊಡ್ಡ ದೇಶಗಳು ಮುಂದೆ ಬರುತ್ತವೆ. ನೈಜೀರಿಯಾದ ಶೇಕಡಾವಾರು 2018ರ ಸಮೀಕ್ಷೆಯಲ್ಲಿ ಬರೀ 20. ಆದರೆ ಆ ದೇಶದ ಜನಸಂಖ್ಯೆ ಎಷ್ಟು ದೊಡ್ಡದೆಂದರೆ, ಅಲ್ಲಿ ಇದನ್ನು ಅನುಭವಿಸಿದವರೇ ಸುಮಾರು 2 ಕೋಟಿ. ಸೊಮಾಲಿಯಾದ ಒಟ್ಟು ಜನಸಂಖ್ಯೆಗಿಂತ ಜಾಸ್ತಿ.

ದೇಶದ ಸರಾಸರಿಯನ್ನು ನಾನು ಜಾಸ್ತಿ ನಂಬುವುದಿಲ್ಲ. ಕೀನ್ಯಾದ 2014ರ ಸಮೀಕ್ಷೆಯನ್ನೇ ನೋಡಿ. ಇಡೀ ದೇಶದ ಸರಾಸರಿ 21. ಆದರೆ ಅಲ್ಲಿನ ಸೊಮಾಲಿ ಸಮುದಾಯದಲ್ಲಿ 94, ಕಿಸಿ ಜನರಲ್ಲಿ 84. ಲುವೊ, ಲುಹ್ಯಾ ಜನರಲ್ಲಿ ನೂರಕ್ಕೆ ಒಬ್ಬರೂ ಇಲ್ಲ. ಒಂದೇ ಸರ್ಕಾರ, ಒಂದೇ ಕಾನೂನು. ಹುಡುಗಿ ಯಾವ ಜನರಲ್ಲಿ ಹುಟ್ಟಿದಳು ಅನ್ನೋದರ ಮೇಲೆ ಎಲ್ಲವೂ ನಿಂತಿದೆ.

ಶೇಕಡಾವಾರು ಕಡಿಮೆ ಆಗ್ತಿದೆ ಅಂತೀರಿ, ಒಟ್ಟು ಸಂಖ್ಯೆ ಜಾಸ್ತಿ ಆಗ್ತಿದೆ ಅಂತೀರಿ. ಯಾವುದು ನಿಜ?

ಎರಡೂ ನಿಜ. ಸಿಂಧನೂರಿನಲ್ಲಿ ಒಬ್ಬ ಆಶಾ ಅಕ್ಕ ಇದನ್ನು ಕೇಳಿದಾಗ ಬೋರ್ಡಿನ ಮೇಲೆ ಲೆಕ್ಕ ಬರೆದು ತೋರಿಸಬೇಕಾಯಿತು. ಒಂದು ಊರಿನಲ್ಲಿ ಮೊದಲು 100 ಹೆಣ್ಣುಮಕ್ಕಳಿದ್ದರು, 60 ಮಂದಿಗೆ ಛೇದನ ಆಗುತ್ತಿತ್ತು ಅಂತ ಇಟ್ಟುಕೊಳ್ಳಿ. ಮುಂದಿನ ತಲೆಮಾರಿಗೆ ನೂರಕ್ಕೆ 40ಕ್ಕೆ ಇಳಿಯಿತು. ಒಳ್ಳೆಯದೇ. ಆದರೆ ಅಷ್ಟರಲ್ಲಿ ಊರಿನ ಹೆಣ್ಣುಮಕ್ಕಳು 200 ಆಗಿದ್ದಾರೆ. 200ರಲ್ಲಿ ನೂರಕ್ಕೆ 40 ಅಂದರೆ 80. ಮೊದಲು 60 ಇದ್ದದ್ದು ಈಗ 80! “ಪದ್ಧತಿ ಕಮ್ಮಿ ಆತು, ನೋವುಂಡವರು ಹೆಚ್ಚಾದ್ರು” ಅಂತ ಆ ಅಕ್ಕನೇ ಹೇಳಿ ಮುಗಿಸಿದರು.

ಜಗತ್ತಿನಲ್ಲಿ ಆಗುತ್ತಿರುವುದೂ ಇದೇ. ಈ ಪದ್ಧತಿ ಗಟ್ಟಿಯಾಗಿರುವ ದೇಶಗಳಲ್ಲೇ ಜನಸಂಖ್ಯೆ ಬೇಗ ಬೆಳೆಯುತ್ತಿದೆ. ಅದಕ್ಕೇ 2016ರಲ್ಲಿ 20 ಕೋಟಿ ಇದ್ದದ್ದು 2024ಕ್ಕೆ 23 ಕೋಟಿ ದಾಟಿತು. ಆದರೆ ಶೇಕಡಾವಾರು ನೋಡಿದರೆ ಕೀನ್ಯಾ 1998ರ 38ರಿಂದ 2022ಕ್ಕೆ 15ಕ್ಕೆ ಇಳಿಯಿತು. ಬುರ್ಕಿನಾ ಫಾಸೊ 2010ರ 76ರಿಂದ 2021ಕ್ಕೆ 56ಕ್ಕೆ ಬಂತು. ಇಥಿಯೋಪಿಯಾ 2000ದ 80ರಿಂದ 2016ಕ್ಕೆ 65ಕ್ಕೆ ಬಂತು. ಸೊಮಾಲಿಯಾ, ಮಾಲಿ, ಗಿನಿ ಕಡೆ ಮಾತ್ರ ಮುಳ್ಳು ಅಲ್ಲಾಡಿಯೇ ಇಲ್ಲ ಅನ್ನಬಹುದು.

ವಿಶ್ವಸಂಸ್ಥೆ 2030ಕ್ಕೆ ಇದನ್ನು ಪೂರ್ತಿ ನಿಲ್ಲಿಸಬೇಕು ಅಂತ ಗುರಿ ಇಟ್ಟಿದೆ. ಅದಾಗಬೇಕಾದರೆ ಈಗಿನ ವೇಗ 27 ಪಟ್ಟು ಹೆಚ್ಚಬೇಕು ಅಂತ ಯುನಿಸೆಫ್ ಹೇಳುತ್ತದೆ. ಇದು ಆಗುವ ಮಾತಲ್ಲ ಅನ್ನುವುದು ನನ್ನ ಅನಿಸಿಕೆ.

ಇಂಥ ಗುಟ್ಟಿನ ವಿಷಯವನ್ನು ಲೆಕ್ಕ ಹಾಕೋದು ಹೇಗೆ? ಯಾರು ಹೇಳ್ತಾರೆ?

ಮನೆಮನೆ ಸಮೀಕ್ಷೆಯಿಂದ. ನಮ್ಮಲ್ಲಿ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆಯುತ್ತದಲ್ಲ, ಅದೇ ತರಹದ ಸಮೀಕ್ಷೆ ಆ ದೇಶಗಳಲ್ಲೂ ನಡೆಯುತ್ತದೆ. 15ರಿಂದ 49 ವರ್ಷದ ಹೆಂಗಸರನ್ನು ಕೇಳುತ್ತಾರೆ: ನಿಮಗೆ ಆಗಿದೆಯಾ, ಯಾವ ವಯಸ್ಸಿನಲ್ಲಿ, ಯಾರು ಮಾಡಿದರು, ನಿಮ್ಮ ಮಗಳಿಗೆ ಆಗಿದೆಯಾ, ಇದು ಮುಂದುವರಿಯಬೇಕಾ. ಯಾರೂ ದೇಹ ಪರೀಕ್ಷೆ ಮಾಡುವುದಿಲ್ಲ. ಬಾಯಿಮಾತೇ ಆಧಾರ.

ತೊಡಕು ಇಲ್ಲೇ ಇರುವುದು. ಘಾನಾದಲ್ಲಿ 1994ರಲ್ಲಿ ನಿಷೇಧ ಕಾನೂನು ಬಂತು. ಉತ್ತರ ಘಾನಾದಲ್ಲಿ ಸಂಶೋಧಕರು 1995ರಲ್ಲಿ ಕೇಳಿದಾಗ ‘ನನಗೆ ಆಗಿದೆ’ ಅಂದಿದ್ದ ಹೆಂಗಸರನ್ನೇ 2000ದಲ್ಲಿ ಮತ್ತೆ ಕೇಳಿದರು. ನೂರಕ್ಕೆ 13 ಮಂದಿ ‘ಇಲ್ಲ’ ಅಂದುಬಿಟ್ಟರು. ಆದ ಛೇದನ ವಾಪಸ್ ಹೋಗುವುದಿಲ್ಲ ಅಲ್ವಾ? ಬದಲಾಗಿದ್ದು ಹೇಳುವ ಧೈರ್ಯ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1982ರ ದೇವದಾಸಿ ನಿಷೇಧ ಕಾಯ್ದೆ ಬಂದ ಮೇಲೆ ಮುತ್ತು ಕಟ್ಟಿದ್ದನ್ನು ಯಾರೂ ಡಂಗುರ ಸಾರಿ ಹೇಳಲಿಲ್ಲ. ಸರ್ಕಾರ 1993-94ರಲ್ಲಿ ಒಂದು ಸಮೀಕ್ಷೆ, 2007-08ರಲ್ಲಿ ಮತ್ತೊಂದು ಸಮೀಕ್ಷೆ ಮಾಡಿತು. ಪಟ್ಟಿಯಲ್ಲಿ ಹೆಸರಿದ್ದವರಿಗೆ ಪಿಂಚಣಿ ಬಂತು. ಹೆಸರಿಲ್ಲದವರು ಇಲ್ಲವೇ ಇಲ್ಲ ಅಂತ ಅರ್ಥ ಅಲ್ಲ.

ಇದು ಮುಸ್ಲಿಮರ ಪದ್ಧತಿ ಅಲ್ವಾ ಮೇಡಂ?

ಅಲ್ಲ. ವಾಟ್ಸಾಪಿನಲ್ಲಿ ಓಡಾಡುವ ಮೆಸೇಜುಗಳನ್ನು ಓದಿ ಈ ಪ್ರಶ್ನೆ ಬರುತ್ತದೆ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕುರಾನಿನಲ್ಲಿ ಇದರ ಉಲ್ಲೇಖವೇ ಇಲ್ಲ. ಮೊರಾಕೊ, ಅಲ್ಜೀರಿಯಾ, ಟರ್ಕಿಯಂಥ ದೇಶಗಳಲ್ಲಿ ಬಹುತೇಕ ಎಲ್ಲರೂ ಮುಸ್ಲಿಮರು, ಅಲ್ಲಿ ಈ ಪದ್ಧತಿ ಇಲ್ಲ. ಇನ್ನೊಂದು ಕಡೆ ಇಥಿಯೋಪಿಯಾ, ಎರಿಟ್ರಿಯಾದ ಕ್ರೈಸ್ತರಲ್ಲಿ ಇದೆ. ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರಲ್ಲಿ ಇದೆ. ಇಥಿಯೋಪಿಯಾದ ಯಹೂದಿಗಳಲ್ಲಿ ಇತ್ತು. ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ ಎಂಬೆರಾ ಎಂಬ ಮೂಲನಿವಾಸಿಗಳಲ್ಲೂ ಇದೆ.

ಇದು ಇಸ್ಲಾಂ, ಕ್ರೈಸ್ತ ಧರ್ಮ ಎರಡಕ್ಕಿಂತಲೂ ಹಳೆಯದು. ಎರಡು ಸಾವಿರ ವರ್ಷದ ಹಿಂದೆ ಸ್ಟ್ರಾಬೊ ಎಂಬ ಗ್ರೀಕ್ ಬರಹಗಾರ ಈಜಿಪ್ಟಿನಲ್ಲಿ ಈ ಪದ್ಧತಿ ಇದೆ ಎಂದು ಬರೆದಿಟ್ಟಿದ್ದಾನೆ. ಯುರೋಪಿನವರೂ ಕೈ ತೊಳೆದುಕೊಳ್ಳುವ ಹಾಗಿಲ್ಲ. 1860ರ ದಶಕದಲ್ಲಿ ಲಂಡನ್ನಿನ ಐಸಾಕ್ ಬೇಕರ್ ಬ್ರೌನ್ ಎಂಬ ಹೆಸರಾಂತ ಡಾಕ್ಟರು ಹೆಂಗಸರ ಮೂರ್ಛೆ ರೋಗಕ್ಕೆ, ‘ಹಿಸ್ಟೀರಿಯಾ’ಕ್ಕೆ ಇದೇ ಮದ್ದು ಅಂತ ಆಪರೇಷನ್ ಮಾಡುತ್ತಿದ್ದರು. 1867ರಲ್ಲಿ ಅಲ್ಲಿನ ಪ್ರಸೂತಿ ವೈದ್ಯರ ಸಂಘ ಅವರನ್ನು ಹೊರಹಾಕಿತು.

ಧರ್ಮದ ಹೆಸರು ಹೇಳಿ ಮಾಡುವವರು ಇದ್ದಾರೆ, ಅದು ಸುಳ್ಳಲ್ಲ. ಹಾಗೇ ಅದೇ ಧರ್ಮದ ಹೆಸರಿನಲ್ಲಿ ಬೇಡ ಅಂದವರೂ ಇದ್ದಾರೆ. 2007ರಲ್ಲಿ ಈಜಿಪ್ಟಿನಲ್ಲಿ 12 ವರ್ಷದ ಹುಡುಗಿಯೊಬ್ಬಳು ಖಾಸಗಿ ಕ್ಲಿನಿಕ್ಕಿನಲ್ಲಿ ಛೇದನದ ವೇಳೆ ಸತ್ತಳು. ಆ ಮೇಲೆ ಇಸ್ಲಾಂ ಧರ್ಮಶಾಸ್ತ್ರದ ವಿಷಯದಲ್ಲಿ ಅಲ್ಲಿನ ಹಿರಿಯ ಅಧಿಕಾರಿಯಾದ ಗ್ರ್ಯಾಂಡ್ ಮುಫ್ತಿಯೇ ಇದು ನಿಷಿದ್ಧ ಎಂದು ಹೇಳಿದರು.

ಹೆತ್ತ ತಾಯಿ ಮಗಳಿಗೆ ಹೀಗೆ ಮಾಡಿಸೋಕೆ ಮನಸ್ಸಾದರೂ ಹೇಗೆ ಬರುತ್ತೆ?

ಚೀಟಿಗಳಲ್ಲಿ ಅತಿ ಹೆಚ್ಚು ಬಂದ ಪ್ರಶ್ನೆ ಇದು. ಕೋಪದಲ್ಲಿ ಬರೆದದ್ದು ಅಕ್ಷರದಲ್ಲೇ ಗೊತ್ತಾಗುತ್ತಿತ್ತು.

ಮಗಳ ಮೇಲೆ ದ್ವೇಷ ಇಟ್ಟು ಯಾವ ತಾಯಿಯೂ ಮಾಡಿಸುವುದಿಲ್ಲ. ಮಗಳ ಮದುವೆ ಆಗಬೇಕು ಅಂತ ಮಾಡಿಸುತ್ತಾಳೆ. ಛೇದನ ಆಗದ ಹುಡುಗಿಯನ್ನು ಆ ಊರಿನಲ್ಲಿ ಯಾರೂ ಸೊಸೆ ಮಾಡಿಕೊಳ್ಳುವುದಿಲ್ಲ, ಅವಳ ಕೈಯಡುಗೆ ಉಣ್ಣುವುದಿಲ್ಲ, ‘ಸ್ವಚ್ಛ ಇಲ್ಲ’ ಅನ್ನುತ್ತಾರೆ ಅಂತಾದರೆ ಒಬ್ಬ ತಾಯಿ ಒಂಟಿಯಾಗಿ ಏನು ಮಾಡಬಲ್ಲಳು? ಹೆಣ್ಣಿನ ಆಸೆಗೆ ಕಡಿವಾಣ ಹಾಕಬೇಕು ಅನ್ನುವ ಲೆಕ್ಕಾಚಾರ ಎಲ್ಲದರ ಬುಡದಲ್ಲಿದೆ. ಆದರೆ ಅದನ್ನು ದಿನನಿತ್ಯ ನಡೆಸುವುದು ಅಜ್ಜಿ, ಅತ್ತೆ, ಸೋದರತ್ತೆಯರ ಕೈ. ನಮ್ಮಲ್ಲಿ ಹದಿನಾರಕ್ಕೇ ಮಗಳ ಮದುವೆ ಮಾಡುವ ಅವ್ವನನ್ನು ಕೇಳಿ ನೋಡಿ. “ನಾಳೆ ಏನಾರ ಆದ್ರ ಮಂದಿ ಏನಂತಾರ್ರೀ?” ಅನ್ನುತ್ತಾಳೆ. ಆ ‘ಮಂದಿ’ ಸೊಮಾಲಿಯಾದಲ್ಲೂ ಇದ್ದಾರೆ.

ಸಮೀಕ್ಷೆಗಳಲ್ಲಿ ಒಂದು ವಿಚಿತ್ರ ಸಿಕ್ಕಿದೆ. ಗಿನಿ, ಸಿಯೆರಾ ಲಿಯೋನ್, ಚಾಡ್ ದೇಶಗಳಲ್ಲಿ ‘ಇದು ನಿಲ್ಲಬೇಕು’ ಅಂದವರಲ್ಲಿ ಹೆಂಗಸರಿಗಿಂತ ಗಂಡಸರ ಪ್ರಮಾಣವೇ ಜಾಸ್ತಿ ಇತ್ತು. ಗಂಡನಿಗೆ ಬೇಡ ಅನಿಸಿದೆ, ಹೆಂಡತಿಗೆ ಅದು ಗೊತ್ತಿಲ್ಲ. ಈ ವಿಷಯವನ್ನು ಗಂಡ ಹೆಂಡತಿ ಬಾಯಿಬಿಟ್ಟು ಮಾತಾಡುವ ರೂಢಿಯೇ ಇಲ್ಲ.

ಗಂಡುಮಕ್ಕಳ ಸುನ್ನತಿಯೂ ಇದೂ ಒಂದೇನಾ?

ಒಂದೇ ಅಲ್ಲ. ಗಂಡುಮಕ್ಕಳಲ್ಲಿ ತೆಗೆಯುವುದು ಮುಂದೊಗಲನ್ನು. ಅದರಿಂದ ಎಚ್‌ಐವಿ ಸೋಂಕಿನ ಅಪಾಯ ಕಡಿಮೆಯಾಗುತ್ತದೆ ಅನ್ನುವುದಕ್ಕೆ ಪುರಾವೆಯೂ ಇದೆ. ಹೆಣ್ಣುಮಕ್ಕಳ ಛೇದನದಿಂದ ಆರೋಗ್ಯಕ್ಕೆ ಒಂದೇ ಒಂದು ಲಾಭವೂ ಇಲ್ಲ.

ಆರೋಗ್ಯಕ್ಕೆ ಏನೇನು ತೊಂದರೆ?

ಆ ಕ್ಷಣಕ್ಕೆ ವಿಪರೀತ ನೋವು, ರಕ್ತಸ್ರಾವ, ನಂಜು, ಮೂತ್ರ ಕಟ್ಟಿಕೊಳ್ಳುವುದು. ಸಾವೂ ಆಗುತ್ತದೆ. ಆ ಮೇಲೆ ಪದೇ ಪದೇ ಮೂತ್ರದ ಸೋಂಕು, ಮುಟ್ಟಿನ ಹೊತ್ತಿನಲ್ಲಿ ನೋವು, ಗಂಡನ ಜೊತೆ ಸೇರುವಾಗ ನೋವು, ಮನಸ್ಸಿನಲ್ಲಿ ಕೂತ ಭಯ. ಹೆರಿಗೆಯಲ್ಲಿ ಇನ್ನೂ ಕಷ್ಟ. ವಿಶ್ವ ಆರೋಗ್ಯ ಸಂಸ್ಥೆ ಆರು ಆಫ್ರಿಕನ್ ದೇಶಗಳ 28,000ಕ್ಕೂ ಹೆಚ್ಚು ಹೆರಿಗೆಗಳನ್ನು ಗಮನಿಸಿ 2006ರಲ್ಲಿ ವರದಿ ಕೊಟ್ಟಿತು. ಛೇದನ ಆದವರಲ್ಲಿ ಸಿಸೇರಿಯನ್ ಜಾಸ್ತಿ, ಹೆರಿಗೆಯಾದ ಮೇಲೆ ರಕ್ತಸ್ರಾವ ಜಾಸ್ತಿ, ಶಿಶು ಸಾವು ಜಾಸ್ತಿ. ಛೇದನ ಎಷ್ಟು ತೀವ್ರವೋ ಅಪಾಯ ಅಷ್ಟು ಹೆಚ್ಚು.

ಆಸ್ಪತ್ರೆಯಲ್ಲಿ ಡಾಕ್ಟರೇ ಮಾಡಿದರೆ?

ಮಾಡುತ್ತಿದ್ದಾರೆ. ಛೇದನ ಆದ ನಾಲ್ಕು ಜನರಲ್ಲಿ ಸುಮಾರು ಒಬ್ಬರಿಗೆ ಅದನ್ನು ಮಾಡಿದ್ದು ಆರೋಗ್ಯ ಸಿಬ್ಬಂದಿಯೇ. ಈಜಿಪ್ಟ್ ಇದರಲ್ಲಿ ಮುಂದು. ಬ್ಲೇಡಿನ ಬದಲು ಸ್ಟೆರೈಲ್ ಕತ್ತರಿ, ಅರಿವಳಿಕೆ ಎಲ್ಲ ಇರುತ್ತದೆ. ಸೋಂಕು ಕಡಿಮೆಯಾಗಬಹುದು. ಕತ್ತರಿಸಿ ತೆಗೆದದ್ದು ಮಾತ್ರ ಹೋದದ್ದೇ. ಇದರ ಮೇಲೆ ಇನ್ನೊಂದು ಕೇಡು: ಡಾಕ್ಟರೇ ಮಾಡಿದರು ಅಂದರೆ ಜನ ಅದನ್ನು ಸರಿ ಅಂದುಕೊಳ್ಳುತ್ತಾರೆ. ಇಂಡೋನೇಷ್ಯಾ 2010ರಲ್ಲಿ ಆರೋಗ್ಯ ಸಿಬ್ಬಂದಿ ಇದನ್ನು ಹೇಗೆ ಮಾಡಬೇಕು ಅಂತ ನಿಯಮ ತಂದು, 2014ರಲ್ಲಿ ವಾಪಸ್ ಪಡೆಯಿತು. ಕೊನೆಗೆ 2024ರಲ್ಲಿ ಪದ್ಧತಿಯನ್ನೇ ನಿಲ್ಲಿಸಬೇಕೆಂದು ಸರ್ಕಾರಿ ನಿಯಮ ಹೊರಡಿಸಿತು.

ಭಾರತದಲ್ಲಿ ಇದೆಯಾ?

ಇದೆ. ಮುಖ್ಯವಾಗಿ ದಾವೂದಿ ಬೊಹ್ರಾ ಸಮುದಾಯದಲ್ಲಿ. ಶಿಯಾ ಪಂಥದ ಈ ವ್ಯಾಪಾರಸ್ಥ ಸಮುದಾಯ ಹೆಚ್ಚಾಗಿ ಗುಜರಾತ್, ಮಹಾರಾಷ್ಟ್ರ, ಮಧ್ಯಪ್ರದೇಶ, ರಾಜಸ್ಥಾನಗಳಲ್ಲಿದೆ. ಅವರಲ್ಲಿ ಹುಡುಗಿಗೆ ಏಳು ವರ್ಷದ ಆಸುಪಾಸಿನಲ್ಲಿ ಮಾಡುತ್ತಾರೆ. ಇದಕ್ಕೆ ಖತ್ನ ಅಥವಾ ಖಫ್ಜ್ ಎನ್ನುತ್ತಾರೆ. ಆ ಸಮುದಾಯದ ಹೆಣ್ಣುಮಕ್ಕಳೇ 2015ರ ನಂತರ ಧೈರ್ಯ ಮಾಡಿ ಹೊರಗೆ ಮಾತಾಡಲು ಶುರು ಮಾಡಿದರು. ಮುಂಬೈ ಮೂಲದ ‘ಸಾಹಿಯೊ’ ಸಂಘಟನೆ 385 ಬೊಹ್ರಾ ಹೆಂಗಸರನ್ನು ಕೇಳಿದಾಗ ನೂರಕ್ಕೆ 80 ಮಂದಿ ತಮಗೆ ಆಗಿದೆ ಎಂದರು. ಇದು ಇಡೀ ಸಮುದಾಯದ ಲೆಕ್ಕ ಅಲ್ಲ, ಉತ್ತರ ಕೊಟ್ಟವರ ಲೆಕ್ಕ. ಅದೇ ಸಮುದಾಯದ ಇನ್ನೊಂದು ಗುಂಪಿನ ಹೆಂಗಸರು, ನಾವು ಮಾಡುವುದು ಸಣ್ಣದು, ಅಪಾಯ ಇಲ್ಲದ್ದು, ನಮ್ಮ ಧಾರ್ಮಿಕ ಹಕ್ಕು ಅಂತ ವಾದಿಸುತ್ತಾರೆ. ಏಳು ವರ್ಷದ ಮಗುವಿನ ಒಪ್ಪಿಗೆ ಎಲ್ಲಿ ಅನ್ನುವ ಪ್ರಶ್ನೆಗೆ ಆ ವಾದದಲ್ಲಿ ಉತ್ತರ ನನಗೆ ಕಂಡಿಲ್ಲ.

ಸರ್ಕಾರದ ಲೆಕ್ಕ ಕೇಳಿದರೆ? 2017ರ ಕೊನೆಗೆ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಸುಪ್ರೀಂ ಕೋರ್ಟಿಗೆ, ಇಂಥದ್ದು ಇದೆ ಅನ್ನುವುದಕ್ಕೆ ಅಧಿಕೃತ ಅಂಕಿಅಂಶ ಇಲ್ಲ ಎಂದು ಹೇಳಿತು. ಹೇಗಿರುತ್ತದೆ? ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಆ ಪ್ರಶ್ನೆಯೇ ಇಲ್ಲ.

ನಮ್ಮಲ್ಲಿ ಕಾನೂನು ಇದೆಯಾ?

ಇದಕ್ಕೆಂದೇ ಪ್ರತ್ಯೇಕ ಕಾನೂನು ಇಲ್ಲ. ದೆಹಲಿಯ ವಕೀಲೆ ಸುನೀತಾ ತಿವಾರಿ 2017ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಅರ್ಜಿ ಹಾಕಿದರು. 2018ರಲ್ಲಿ ಆಗಿನ ಅಟಾರ್ನಿ ಜನರಲ್ ಕೆ.ಕೆ. ವೇಣುಗೋಪಾಲ್, ಇದು ಆಗಿದ್ದ ಭಾರತೀಯ ದಂಡಸಂಹಿತೆ ಮತ್ತು ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಪೋಕ್ಸೋ ಕಾಯ್ದೆ ಅಡಿಯಲ್ಲೇ ಅಪರಾಧ ಎಂದು ನಿಲುವು ತೆಗೆದುಕೊಂಡರು. ಅದೇ ವರ್ಷ ಕೇಸು ಸಂವಿಧಾನ ಪೀಠಕ್ಕೆ ಹೋಯಿತು. 2019ರಲ್ಲಿ ಶಬರಿಮಲೆ ಮರುಪರಿಶೀಲನೆಯ ಜೊತೆ ಸೇರಿ ಇನ್ನೂ ದೊಡ್ಡ ಪೀಠದ ಮುಂದೆ ಹೋಯಿತು. ಪ್ರತ್ಯೇಕ ಕಾನೂನು ಇಲ್ಲ ಅಂದ ಮಾತ್ರಕ್ಕೆ ಮಗುವಿನ ಮೈಗೆ ಬ್ಲೇಡು ಹಾಕಬಹುದು ಅಂತಲ್ಲ.

ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ನಡೆಯುತ್ತಾ?

ಇಲ್ಲಿನ ಸಾಮಾನ್ಯ ಹಿಂದೂ, ಮುಸ್ಲಿಂ, ಕ್ರೈಸ್ತ ಮನೆಗಳಲ್ಲಿ ಈ ಪದ್ಧತಿ ಇಲ್ಲ. ಪಕ್ಕದ ಮನೆಯ ಸಾಬರ ಹುಡುಗಿಯ ಬಗ್ಗೆ ಸುಮ್ನೆ ಏನೇನೋ ಊಹಿಸಬೇಡಿ. ನಮ್ಮ ಜಿಲ್ಲೆಗಳ ಹೆಣ್ಣುಮಕ್ಕಳಿಗೆ ಬೇರೆ ಸಂಕಟಗಳಿವೆ: ಬಾಲ್ಯವಿವಾಹ, ಎಳೆ ವಯಸ್ಸಿನ ಬಸಿರು, ರಕ್ತಹೀನತೆ, ಕದ್ದುಮುಚ್ಚಿ ಮುತ್ತು ಕಟ್ಟುವುದು.

ಕಾನೂನು ತಂದ ದೇಶಗಳಲ್ಲಿ ನಿಂತಿದೆಯಾ?

ಬರೀ ಕಾನೂನಿನಿಂದ ನಿಂತದ್ದು ಕಡಿಮೆ. 1956ರಲ್ಲಿ ಕೀನ್ಯಾದ ಮೇರು ಪ್ರದೇಶದಲ್ಲಿ ಬ್ರಿಟಿಷರ ಒತ್ತಾಯಕ್ಕೆ ನಿಷೇಧ ಬಂತು. ಆಗ ಹುಡುಗಿಯರೇ ಗುಂಪುಗೂಡಿ ಕಾಡಿಗೆ ಹೋಗಿ, ಬ್ಲೇಡು ಹಿಡಿದು ಒಬ್ಬರಿಗೊಬ್ಬರು ಛೇದನ ಮಾಡಿಕೊಂಡರು. ಹೊರಗಿನವನು ಬಂದು ಬಿಡು ಅಂದರೆ ಬಿಡದಿರುವುದೇ ಸ್ವಾಭಿಮಾನ ಆಗಿಬಿಡುತ್ತದೆ.

ಸೆನೆಗಲ್‌ನ ಕಥೆ ನನಗೆ ಇಷ್ಟ. 1997ರ ಜುಲೈನಲ್ಲಿ ಮಲಿಕುಂದಾ ಬಂಬಾರಾ ಎಂಬ ಊರಿನ ಹೆಂಗಸರು ಇನ್ನು ನಮ್ಮೂರಲ್ಲಿ ಛೇದನ ಇಲ್ಲ ಎಂದು ಎಲ್ಲರ ಮುಂದೆ ಸಾರಿದರು. ‘ಟೋಸ್ಟಾನ್’ ಎಂಬ ಸಂಸ್ಥೆ ಅಲ್ಲಿ ಆರೋಗ್ಯ, ಹಕ್ಕುಗಳ ಬಗ್ಗೆ ಪಾಠ ನಡೆಸುತ್ತಿತ್ತು. ಸುತ್ತಲಿನ ಊರುಗಳಿಂದ ಬೈಗುಳ ಬಂತು. ಆಗ ಕೆರ್ ಸಿಂಬಾರಾ ಊರಿನ ಇಮಾಮ್ ದೆಂಬಾ ದಿಯಾವಾರಾ ಒಂದು ಮಾತು ಎತ್ತಿದರು: ನಮ್ಮ ನೆಂಟರೆಲ್ಲ ಬೇರೆ ಊರುಗಳಲ್ಲಿದ್ದಾರೆ, ಹೆಣ್ಣು ಕೊಟ್ಟು ತರುವುದೂ ಅಲ್ಲೇ, ನಾವೊಬ್ಬರೇ ಬಿಟ್ಟರೆ ನಮ್ಮ ಹುಡುಗಿಯರನ್ನು ಯಾರು ಮಾಡಿಕೊಳ್ಳುತ್ತಾರೆ? ಅವರು ನಡೆದುಕೊಂಡೇ ಊರೂರಿಗೆ ಹೋಗಿ ನೆಂಟರ ಜೊತೆ ಕೂತು ಮಾತಾಡಿದರು. 1998ರ ಫೆಬ್ರವರಿಯಲ್ಲಿ 13 ಊರಿನವರು ಒಟ್ಟಿಗೆ ಸೇರಿ ಬಿಟ್ಟೆವು ಅಂದರು. ಸರ್ಕಾರದ ಕಾನೂನು ಬಂದದ್ದು ಅದಾದ ಮೇಲೆ, 1999ರಲ್ಲಿ.

ಬೀಗತನ ಎಲ್ಲಿಯವರೆಗೆ ಇದೆಯೋ ಅಲ್ಲಿಯವರೆಗಿನವರೆಲ್ಲ ಒಟ್ಟಿಗೆ ಬಿಡಬೇಕು. ಕಾನೂನು ಬೇಡ ಅಂತಲ್ಲ. ಬಿಡಬೇಕು ಅನ್ನುವ ತಾಯಿಗೆ ‘ಕೇಸಾಗುತ್ತೆ ಅತ್ತೆ’ ಅನ್ನಲು ಅದೊಂದು ನೆವ. ಗ್ಯಾಂಬಿಯಾದಲ್ಲಿ 2015ರ ನಿಷೇಧವನ್ನು ತೆಗೆದುಹಾಕುವ ಮಸೂದೆ ಸಂಸತ್ತಿಗೆ ಬಂದಾಗ ಜಗತ್ತೇ ಉಸಿರು ಬಿಗಿಹಿಡಿದು ನೋಡಿತು. 2024ರ ಜುಲೈನಲ್ಲಿ ಅದು ಬಿದ್ದುಹೋಯಿತು.

ಅಮೆರಿಕ, ಯುರೋಪಿನಲ್ಲೂ ಇದೆಯಂತೆ?

ವಲಸೆ ಹೋದವರ ಜೊತೆ ಹೋಗಿದೆ. ಯುರೋಪಿನಲ್ಲಿ ಇದನ್ನು ಅನುಭವಿಸಿದವರು ಸುಮಾರು 6 ಲಕ್ಷ ಎಂಬ ಅಂದಾಜಿದೆ. ಬ್ರಿಟನ್ನಿನಲ್ಲಿ 1985ರಿಂದ ಕಾನೂನಿದ್ದರೂ ಮೊದಲ ಶಿಕ್ಷೆ ಆದದ್ದು 2019ರಲ್ಲಿ. ಆಸ್ಟ್ರೇಲಿಯಾದಲ್ಲಿ ಬೊಹ್ರಾ ಕುಟುಂಬವೊಂದರ ಕೇಸು ಹೈಕೋರ್ಟಿನವರೆಗೆ, ಅಂದರೆ ಅಲ್ಲಿನ ಅತ್ಯುನ್ನತ ಕೋರ್ಟಿನವರೆಗೆ ಹೋಯಿತು. ಸಣ್ಣ ಗಾಯ ಮಾಡಿದರೂ ಅದು ಕಾನೂನಿನ ಪ್ರಕಾರ ಛೇದನವೇ ಎಂದು ಆ ಕೋರ್ಟು 2019ರಲ್ಲಿ ಹೇಳಿತು.

ನಾನು ನರ್ಸಿಂಗ್ ಓದ್ತಿದ್ದೀನಿ. ಇದು ನನಗೆ ಯಾಕೆ ಬೇಕು?

ನಾಳೆ ನೀವು ಲಂಡನ್ನಿಗೋ ಗಲ್ಫಿಗೋ ಹೋಗಬಹುದು. ಲೇಬರ್ ವಾರ್ಡಿನಲ್ಲಿ ಸುಡಾನ್ ಅಥವಾ ಸೊಮಾಲಿಯಾದ ಹೆಂಗಸು ಎದುರಿಗೆ ಇರುತ್ತಾಳೆ. ಕ್ಯಾಥೆಟರ್ ಹಾಕಲು ಹೋದಾಗ ಮೊದಲ ಸಲ ನೋಡಿ ನೀವು ‘ಅಯ್ಯೋ’ ಅಂದರೆ ಅವಳು ಕುಗ್ಗಿಹೋಗುತ್ತಾಳೆ. ಮುಖದಲ್ಲಿ ಏನೂ ತೋರಿಸದೆ, ಹಿರಿಯ ಡಾಕ್ಟರಿಗೆ ತಿಳಿಸಿ. ಮುಚ್ಚಿದ ಭಾಗವನ್ನು ಹೆರಿಗೆಗೆ ಮುಂಚೆ ಅಥವಾ ಹೆರಿಗೆ ವೇಳೆ ಬಿಡಿಸುವ ಸಣ್ಣ ಆಪರೇಷನ್ ಇದೆ. ಹೆರಿಗೆ ಆದ ಮೇಲೆ ಮತ್ತೆ ಮೊದಲಿನಂತೆ ಹೊಲಿದುಕೊಡಿ ಅಂತ ಕೇಳಿದರೆ ಹೊಲಿಯುವಂತಿಲ್ಲ. ಇಂಗ್ಲೆಂಡ್, ವೇಲ್ಸ್‌ನಲ್ಲಿ 2015ರ ಅಕ್ಟೋಬರ್‌ನಿಂದ ಇನ್ನೊಂದು ನಿಯಮವಿದೆ. 18 ವರ್ಷದೊಳಗಿನ ಹುಡುಗಿಗೆ ಛೇದನ ಆಗಿರುವುದು ಗೊತ್ತಾದರೆ ನರ್ಸು, ಡಾಕ್ಟರು, ಟೀಚರು ಪೊಲೀಸರಿಗೆ ಹೇಳಲೇಬೇಕು.

ಯಾರಾದರೂ ನನ್ನ ಹತ್ತಿರ ಹೇಳಿಕೊಂಡರೆ ಏನು ಮಾಡಲಿ?

ಮೊದಲು ಕೇಳಿಸಿಕೊಳ್ಳಿ. ‘ನಿಮ್ಮವರು ಹೀಗಾ?’ ಅನ್ನಬೇಡಿ. ಅವಳ ಅವ್ವನನ್ನು ಬೈಯಬೇಡಿ, ಅವಳಿಗೆ ಅವ್ವ ಬೇಕು. ತೋರಿಸು ಅಂತಂತೂ ಕೇಳಲೇಬೇಡಿ. ಮೂತ್ರದ ತೊಂದರೆ, ಮುಟ್ಟಿನ ನೋವು ಇದ್ದರೆ ಸ್ತ್ರೀರೋಗ ತಜ್ಞರ ಹತ್ತಿರ ಕರೆದುಕೊಂಡು ಹೋಗಿ. ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್, ಬಳ್ಳಾರಿಯ ಮೆಡಿಕಲ್ ಕಾಲೇಜು ಆಸ್ಪತ್ರೆ, ಎಲ್ಲ ಕಡೆ ಸ್ತ್ರೀರೋಗ ವಿಭಾಗ ಇದೆ. ದೊಡ್ಡವಳಾದರೆ ದೂರು ಕೊಡುವುದು ಬಿಡುವುದು ಅವಳ ತೀರ್ಮಾನ. ಮಗುವಿಗೆ ಮಾಡಿಸಲು ಹೊರಟಿದ್ದಾರೆ ಅಂತ ಗೊತ್ತಾದರೆ ಮಾತ್ರ ಕಾಯುತ್ತಾ ಕೂರಬೇಡಿ. ಮಕ್ಕಳ ಸಹಾಯವಾಣಿ 1098 ಅಥವಾ ಪೊಲೀಸರ 112ಕ್ಕೆ ಫೋನ್ ಮಾಡಿ. ಊರು, ಮಗುವಿನ ವಯಸ್ಸು, ಯಾವಾಗ ಎಲ್ಲಿಗೆ ಕರೆದುಕೊಂಡು ಹೋಗುತ್ತಾರೆ ಅನ್ನುವುದನ್ನು ಹೇಳಿ.